ಲಿಫ್ಟಕ್ಕನ ನಗೆ ದಾಖಲೆ

ನಲವತ್ತೊಂದು ವರ್ಷದ ಹೆಂಗಸೊಬ್ಬಳು ಬೆಳಿಗ್ಗೆ ಎದ್ದು, ಮುಖ ತೊಳೆಯುವ ಮೊದಲೇ ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಫೋನಿನ ತಂತಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಚೌಕುಳಿ ಪುಸ್ತಕದಲ್ಲಿ ಗೀಟು ಹಾಕುತ್ತಿದ್ದರೆ ನೋಡಿದವರು ಏನೆಂದುಕೊಳ್ಳಬೇಕು? ಅವಳ ದೊಡ್ಡಕ್ಕ ತಾನು ಅಂದುಕೊಂಡದ್ದನ್ನು ಬಾಯಿಬಿಟ್ಟೇ ಹೇಳುತ್ತಿದ್ದಳು.

“ನಿನ್ನೆ ನಕ್ಕೋರನ್ನ ಇವತ್ತು ಎಣಿಸಿ ಏನೇ ಪ್ರಯೋಜನ, ಪುಟ್ಟಿ? ಅವರೇನು ವಾಪಸ್ ಬಂದು ನಗ್ತಾರಾ?”

“ಅಕ್ಕಾ, ಸುಮ್ನಿರು. ಹತ್ತೊಂಬತ್ತನೇ ನಿಮಿಷ ನಡೀತಿದೆ.”

“ನಡೀಲಿ. ಅದಕ್ಕಾದ್ರೂ ಕಾಲಿದೆ. ನೀನು ಎದ್ದು ಟೀ ಕುಡಿ.”

ಈ ಪುಟ್ಟಿಯನ್ನು ಉತ್ಸವದ ಕಲಾವಿದರೆಲ್ಲ ಲಿಫ್ಟಕ್ಕ ಎಂದು ಕರೆಯುತ್ತಿದ್ದರು. ಹದಿನೇಳು ವರ್ಷದಿಂದ ಅವಳು ಲಿಫ್ಟ್ ದುರಸ್ತಿ ಮಾಡುವ ಕಂಪನಿಯೊಂದರ ದೂರು ಫೋನಿನ ಮುಂದೆ ಕೂತವಳು. ಊರಿನಲ್ಲಿ ಎಲ್ಲಿ ಲಿಫ್ಟ್ ನಿಂತರೂ ಒಳಗೆ ಸಿಕ್ಕಿಕೊಂಡವರು ಕೆಂಪು ಗುಂಡಿ ಒತ್ತುತ್ತಾರೆ; ಈಚೆ ಇವಳ ಫೋನು ಬಡಿದುಕೊಳ್ಳುತ್ತದೆ. ಮೆಕ್ಯಾನಿಕ್ ಬಂದು ಬಾಗಿಲು ತೆಗೆಯುವವರೆಗೆ ಅವರು ಗಾಬರಿ ಬೀಳದಂತೆ ಮಾತಾಡಿಸುತ್ತಿರಬೇಕು. ಅದೇ ಕೆಲಸ. ಕೆಲವೊಮ್ಮೆ ಹತ್ತು ನಿಮಿಷ, ಕೆಲವೊಮ್ಮೆ ಒಂದು ಗಂಟೆ. ಯಾರಿಗೆ ಏನು ಹೇಳಿದರೆ ಅಳು ನಿಂತು ನಗು ಬರುತ್ತದೆ ಎಂಬುದು ಅವಳಿಗೆ ನಾಲಿಗೆಯ ತುದಿಯಲ್ಲಿತ್ತು. ಆ ಮಾತುಗಳನ್ನೇ ಪೋಣಿಸಿ, ಆರು ವರ್ಷದ ಹಿಂದೆ ಒಂದು ಕಾಫಿ ಅಂಗಡಿಯಲ್ಲಿ ಜನರನ್ನು ನಗಿಸಲು ಮೈಕು ಹಿಡಿದಿದ್ದಳು. ಅಲ್ಲಿಂದ ಹಿಡಿದ ಹುಚ್ಚು ಬಿಟ್ಟಿರಲಿಲ್ಲ.

ಕಂಪನಿಯ ಇನ್ನೊಂದು ಅಭ್ಯಾಸವೂ ಅವಳಿಗೆ ಅಂಟಿಕೊಂಡಿತ್ತು. ಅಲ್ಲಿ ಪ್ರತಿ ಕರೆಯನ್ನೂ ದಾಖಲೆ ಪುಸ್ತಕಕ್ಕೆ ಇಳಿಸಬೇಕು: ಎಷ್ಟು ಗಂಟೆಗೆ ಬಂತು, ಎಷ್ಟನೇ ಮಹಡಿ, ಕಾರಣವೇನು. ದಾಖಲೆಯಾಗದ ದೂರು ದೂರೇ ಅಲ್ಲ ಎಂಬುದು ಅವಳ ವಿಭಾಗಾಧಿಕಾರಿಯ ವೇದವಾಕ್ಯ. ಲಿಫ್ಟಕ್ಕ ಅದನ್ನು ನಗುವಿಗೂ ಅನ್ವಯಿಸಿದಳು. ದಾಖಲೆಯಾಗದ ನಗು ನಗುವೇ ಅಲ್ಲ.

ಈ ವರ್ಷ ಅವಳು ಇಪ್ಪತ್ತನಾಲ್ಕು ದಿನ ರಜೆ ಹಾಕಿ ಫ್ರಿಂಜ್ ಉತ್ಸವಕ್ಕೆ ಬಂದಿದ್ದಳು. ದೊಡ್ಡ ರಂಗಮಂದಿರಗಳಲ್ಲಿ ಕರೆಸಿಕೊಂಡವರು ಆಡುತ್ತಾರೆ. ಫ್ರಿಂಜ್‌ನಲ್ಲಿ ಯಾರೂ ಕರೆಯದವರು ಆಡುತ್ತಾರೆ. ಖಾಲಿ ಅಂಗಡಿ, ಗೋದಾಮು, ಮೆಟ್ಟಿಲ ಕೆಳಗಿನ ಜಾಗ ಯಾವುದಾದರೂ ಸರಿ, ಒಂದು ಗಂಟೆಗೆ ಹಿಡಿದು, ತಾವೇ ಕರಪತ್ರ ಹಂಚಿ, ತಾವೇ ಕುರ್ಚಿ ಹಾಕಿ, ತಾವೇ ಬೆವರುತ್ತಾರೆ. ಊರಿನಲ್ಲಿ ಆ ಮೂರು ವಾರ ಮುನ್ನೂರಕ್ಕೂ ಹೆಚ್ಚು ಆಟಗಳು. ಬೀದಿಯಲ್ಲಿ ಕಲ್ಲು ಎಸೆದರೆ ಒಬ್ಬ ಹಾಸ್ಯಗಾರನಿಗೆ ತಾಗುತ್ತಿತ್ತು, ಅವನು ಅದನ್ನೂ ಜೋಕು ಮಾಡಿಕೊಳ್ಳುತ್ತಿದ್ದ.

ವಿಭಾಗಾಧಿಕಾರಿ ರಜೆಯ ಅರ್ಜಿಗೆ ಸಹಿ ಹಾಕುವಾಗಲೇ ಖಡಾಖಂಡಿತ ಹೇಳಿದ್ದ. “ಇದೇ ಕೊನೇ ಸಲಮ್ಮ. ಮೇಲ್ವಿಚಾರಕರ ಕುರ್ಚಿ ಖಾಲಿಯಾಗ್ತಿದೆ. ವಾಪಸ್ ಬಂದ ದಿನ ನೀವು ಅದಕ್ಕೆ ಸಹಿ ಹಾಕ್ಬೇಕು. ಆಮೇಲೆ ಮೂರು ದಿನಕ್ಕಿಂತ ಜಾಸ್ತಿ ರಜೆ ಕೇಳೋ ಹಾಗಿಲ್ಲ.” ಅಂದರೆ ಆಟಕ್ಕೆ ಮಂಗಳ. ಅದರಿಂದ ತಪ್ಪಿಸಿಕೊಳ್ಳಲು ಇದ್ದದ್ದು ಒಂದೇ ದಾರಿ. ಉತ್ಸವ ನೋಡಿ ಮೂರು ಆಟಗಳನ್ನು ಆರಿಸಿ ವರ್ಷಪೂರ್ತಿ ಊರೂರು ಸುತ್ತಿಸುವ ಸಂಚಾರಿ ಸಂಸ್ಥೆಯೊಂದಿತ್ತು. ಅದಕ್ಕೆ ಆಯ್ಕೆಯಾದರೆ ಕುರ್ಚಿಗೆ ಬೆನ್ನು ತಿರುಗಿಸಬಹುದು. ಆಗದಿದ್ದರೆ ನಿವೃತ್ತಿಯವರೆಗೆ ಕುರ್ಚಿಗೆ ಬೆನ್ನು ಕೊಡಬೇಕು.

ಅವಳಿಗೆ ಸಿಕ್ಕಿದ್ದು ಪೀಠೋಪಕರಣದ ಅಂಗಡಿಯ ಮೇಲಿನ ಗೋದಾಮು. ಒಂದೇ ಉದ್ದನೆಯ ಕೋಣೆಯನ್ನು ನಡುವೆ ಪ್ಲೈವುಡ್ ಗೋಡೆ ನಿಲ್ಲಿಸಿ ಎರಡು ಮಾಡಿದ್ದರು. ಈಚೆ ಮೂವತ್ತು ಕುರ್ಚಿ, ಆಚೆ ಮೂವತ್ತು ಕುರ್ಚಿ. ಎರಡೂ ಕಡೆಯ ಕೊನೆಯ ಸಾಲು ಗೋಡೆಗೆ ಬೆನ್ನು ಹಚ್ಚಿತ್ತು. ದಿನಾ ನಾಲ್ಕೂ ಹತ್ತಕ್ಕೆ ಶುರು, ಐದಕ್ಕೆ ಮುಕ್ತಾಯ. ವೇದಿಕೆಯೆಂದರೆ ಎರಡು ಹಲಗೆ. ಅದರ ಮೇಲೆ ನಿಂತರೆ ಒಂದು ದೀಪ ನೇರ ಕಣ್ಣಿಗೆ ಹೊಡೆಯುತ್ತಿತ್ತು. ಎದುರಿಗೆ ಕೂತವರು ಎಂಟು ಜನವೋ ಎಂಟು ಚೀಲವೋ ತಿಳಿಯುತ್ತಿರಲಿಲ್ಲ. ಹೊಲಿಗೆ ಕೆಲಸದ ದೊಡ್ಡಕ್ಕ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಆ ದೀಪದ ಸ್ವಿಚ್ಚು ನೋಡಿಕೊಳ್ಳುತ್ತಿದ್ದಳು. ದೀಪ ಹಾಕಿದ ಮೇಲೆ ಐವತ್ತು ನಿಮಿಷ ಅವಳು ಗುಂಡಿ ಹೊಲಿಯುವುದು, ಆಮೇಲೆ ದೀಪ ಆರಿಸುವುದು.

ಮೊದಲನೇ ದಿನವೇ ಲಿಫ್ಟಕ್ಕ ಫೋನನ್ನು ಕೊನೆಯ ಸಾಲಿನ ಕುರ್ಚಿಯ ಅಡಿಗೆ ಟೇಪು ಹಾಕಿ ಅಂಟಿಸಿ ಎಲ್ಲವನ್ನೂ ರೆಕಾರ್ಡು ಮಾಡಿದಳು. ಮರುದಿನ ಬೆಳಿಗ್ಗೆ ಕೇಳಿ ಪುಸ್ತಕಕ್ಕೆ ಇಳಿಸಿದಳು. ಕಿರುನಗೆಗೆ ಒಂದು ಗೀಟು, ಸುಮಾರು ನಗೆಗೆ ಎರಡು, ಕೋಣೆ ಅದುರುವ ನಗೆಗೆ ಒಂದು ಸುತ್ತು. ಮೂರು ದಿನ ಎರಡು ಗೀಟಿಗಿಂತ ಕಡಿಮೆ ಬಿದ್ದ ಜೋಕಿಗೆ ಕತ್ತರಿ.

ದಾಖಲೆ ನೋಡಿ ಅವಳೇ ಬೆರಗಾದಳು. ನಗು ಭರ್ಜರಿಯಾಗಿಯೇ ಇತ್ತು, ಆದರೆ ಎಲ್ಲ ಅವಸರದ ನಗು. ಜೋಕು ಮುಗಿಯುವ ಮೊದಲೇ ಜನ ನಕ್ಕುಬಿಡುತ್ತಿದ್ದರು. ಒಂದು ಜೋಕು ಹೀಗಿತ್ತು: ಗಂಡ ಹೆಂಡತಿ ಇಬ್ಬರೂ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದಾರೆ. ಗಂಡ ಫೋನಿನಲ್ಲಿ “ಬೇಗ ಬನ್ನಿ” ಅನ್ನುತ್ತಾನೆ. ಹೆಂಡತಿ ಅವನಿಂದ ಫೋನು ಕಿತ್ತುಕೊಂಡು, “ನಿಧಾನಕ್ಕೆ ಬನ್ನಿ, ಹದಿನೈದು ವರ್ಷದಲ್ಲಿ ಇದೇ ಮೊದಲ ಸಲ ಇವರು ಕೂತು ನನ್ನ ಮಾತು ಕೇಳ್ತಿರೋದು” ಅನ್ನುತ್ತಾಳೆ. ಆದರೆ ಗಂಡ “ಬೇಗ ಬನ್ನಿ” ಅನ್ನುವಷ್ಟರಲ್ಲೇ ಸುತ್ತು ಹಾಕುವಂಥ ನಗು. ಮೂರು ದಿನವೂ ಅಲ್ಲೇ.

“ಜನ ನನಗಿಂತ ಚುರುಕು ಕಣಕ್ಕಾ. ಮುಂದಿನದು ಅವರಿಗೆ ಮೊದಲೇ ಹೊಳೆದುಬಿಡುತ್ತೆ,” ಎಂದು ಅವಳು ಹೆಂಡತಿಯ ಮಾತನ್ನೇ ತೆಗೆದುಬಿಟ್ಟಳು. ಗಂಡ “ಬೇಗ ಬನ್ನಿ” ಅಂದ. ಅಷ್ಟೇ. ನಿಲ್ಲಿಸಿ, ನಗುವಿಗೆ ಜಾಗ ಬಿಟ್ಟು, ಮುಂದಿನದಕ್ಕೆ ಹೋಗುವುದು. ಹೀಗೆ ಹತ್ತು ದಿನದಲ್ಲಿ ಒಂದೊಂದೇ ಜೋಕಿನ ಬಾಲ ಕತ್ತರಿಸುತ್ತ ಬಂದಳು. ಆ ನಗುವೂ ದಿನಾ ಗಡಿಯಾರ ಹಿಡಿದಂತೆ ಬರುತ್ತಿತ್ತು: ಏಳನೇ ನಿಮಿಷ, ಹತ್ತೊಂಬತ್ತನೇ ನಿಮಿಷ, ಮೂವತ್ತೊಂದು, ನಲವತ್ತಮೂರು. ಮನುಷ್ಯನಿಗೆ ಹನ್ನೆರಡು ನಿಮಿಷಕ್ಕೊಮ್ಮೆ ದೊಡ್ಡ ನಗು ಬೇಕೇ ಬೇಕು, ಅದು ಹಸಿವಿನ ಹಾಗೆ ಎಂದು ಅವಳು ಒಂದು ಸಿದ್ಧಾಂತವನ್ನೇ ಕಟ್ಟಿ, ಟೀ ಅಂಗಡಿಯ ಮುಂದೆ ಕಲಾವಿದರನ್ನು ನಿಲ್ಲಿಸಿಕೊಂಡು ಬೋಧಿಸಿದಳು. ಇಬ್ಬರು ಬರೆದುಕೊಂಡರು ಕೂಡ.

ಹನ್ನೆರಡನೇ ದಿನ ಉತ್ಸವದ ಪತ್ರಿಕೆಯಲ್ಲಿ ವಿಮರ್ಶೆ ಬಂತು. “ವಾಕ್ಯಗಳನ್ನು ಅರ್ಧಕ್ಕೆ ಕೈಬಿಡುವ ಅಪರೂಪದ ಧೈರ್ಯ. ಸಿಕ್ಕಿಕೊಂಡ ಲಿಫ್ಟಿನ ಹಾಗೆ ಈಕೆಯ ಹಾಸ್ಯವೂ ಎರಡು ಮಹಡಿಗಳ ನಡುವೆ ನಿಲ್ಲುತ್ತದೆ,” ಎಂದು ವಿಮರ್ಶಕ ಬರೆದಿದ್ದ. ಮರುದಿನವೇ ಸಂಚಾರಿ ಸಂಸ್ಥೆಯಿಂದ ಸುದ್ದಿ ಬಂತು: ಹದಿನೇಳನೇ ದಿನ ಆಯ್ಕೆಗಾರ್ತಿ ಆಟ ನೋಡಲು ಬರುತ್ತಾರೆ. ಲಿಫ್ಟಕ್ಕನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ನಿಂತದ್ದು ಹದಿನಾಲ್ಕನೇ ದಿನ.

ಅಂದು ಏಳನೇ ನಿಮಿಷಕ್ಕೆ ಸರಿಯಾಗಿ ಗಂಡ “ಬೇಗ ಬನ್ನಿ” ಅಂದ. ಲಿಫ್ಟಕ್ಕ ಹುಬ್ಬು ಮೇಲೆತ್ತಿ ನಿಂತಳು. ನಗು ಬರಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ಮೂಗು ಎಳೆದುಕೊಂಡದ್ದು ಕೇಳಿಸಿತು. ಹತ್ತೊಂಬತ್ತನೇ ನಿಮಿಷಕ್ಕೂ ಇಲ್ಲ. ಮೂವತ್ತೊಂದಕ್ಕೆ ಕುರ್ಚಿಯೊಂದು ಕಿರ್‍ರೆಂದಿತು, ಅವಳು ಅದಕ್ಕೇ ಕೃತಜ್ಞಳಾದಳು. ಕೊನೆಗೆ ದೀಪ ಆರಿ, ಆರು ಜನ ಮೆಲ್ಲಗೆ ಚಪ್ಪಾಳೆ ತಟ್ಟಿ, ಆಸ್ಪತ್ರೆಯಿಂದ ಹೊರಡುವವರ ಹಾಗೆ ಸದ್ದು ಮಾಡದೆ ಮೆಟ್ಟಿಲಿಳಿದು ಹೋದರು.

“ಏನಕ್ಕಾ ಆಗಿತ್ತು ಈ ಜನಕ್ಕೆ ಇವತ್ತು? ಕಲ್ಲು ತಿಂದು ಬಂದಿದ್ರಾ?”

ದೊಡ್ಡಕ್ಕ ಹಲ್ಲಿನಿಂದ ದಾರ ಕಡಿದಳು. “ಇವರು ಎಂದಿನ ಹಾಗೇ ಇದ್ರು. ಆ ಕಡೇದು ಇವತ್ತು ರಜಾ ಅಲ್ವಾ.”

“ಯಾವ ಕಡೇದು?”

“ಗೋಡೆ ಆ ಕಡೇದು ಕಣೇ. ಆ ಮೀಸೆಯವರು ಹಲ್ಲು ಕೀಳಿಸೋಕೆ ಹೋಗಿದ್ದಾರಂತೆ.”

ಲಿಫ್ಟಕ್ಕ ಮಡಚುತ್ತಿದ್ದ ಕುರ್ಚಿಯನ್ನು ಹಾಗೇ ಬಿಟ್ಟಳು. ಗೋಡೆ ನೋಡಿದಳು. ಕೊನೆಯ ಸಾಲು ನೋಡಿದಳು. ಕುರ್ಚಿಯ ಅಡಿಯಲ್ಲಿ, ಪ್ಲೈವುಡ್ಡಿಗೆ ಒಂದು ಗೇಣು ದೂರದಲ್ಲಿ ಅಂಟಿಸಿದ್ದ ತನ್ನ ಫೋನು ನೋಡಿದಳು.

“ಅಕ್ಕಾ. ಇಷ್ಟು ದಿನ ನಗ್ತಿದ್ದಿದ್ದು ಆ ಕಡೆಯೋರಾ?”

“ಮತ್ತೆ?”

“ನಿನಗೆ ಗೊತ್ತಿತ್ತಾ?”

“ಮೊದಲನೇ ದಿನದಿಂದ ಗೊತ್ತು. ಬಾಗಿಲ ಹತ್ರ ಕೂತಿರ್ತೀನಿ, ಎರಡೂ ಕಡೆ ಕೇಳ್ಸುತ್ತೆ.”

“ಯಾಕೆ ಹೇಳ್ಲಿಲ್ಲ?”

“ನನಗೆ ನೀನು ಒಪ್ಸಿದ್ದು ಸ್ವಿಚ್ಚು. ನಗು ಎಲ್ಲಿಂದ ಬರುತ್ತೆ ಅಂತ ಒಂದು ದಿನ ಆದ್ರೂ ಕೇಳಿದ್ಯಾ? ನಿನಗೂ ಗೊತ್ತಿದೆ, ಬೇಕು ಅಂತಲೇ ಹಾಗೆ ಮಾಡ್ತಿದೀಯ ಅಂದ್ಕೊಂಡೆ. ಈಗಿನ ಕಲೆ ನಮಗೆಲ್ಲಿ ಅರ್ಥ ಆಗುತ್ತೆ.” ಸೂಜಿಗೆ ಮತ್ತೆ ದಾರ ಪೋಣಿಸುತ್ತ, “ಅದೂ ಅಲ್ದೆ ನೀನು ಖುಷಿಯಾಗಿದ್ದೆ,” ಎಂದಳು.

ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಹದಿಮೂರು ದಿನ ಅವಳು ಬೇರೆಯವನ ಆಟದ ನಗುವನ್ನು ಗೀಟೆಳೆದು ಜಮಾ ಮಾಡಿ, ಅದರ ಅಳತೆಗೆ ತನ್ನ ಆಟವನ್ನು ಕತ್ತರಿಸಿದ್ದಳು. ಪಕ್ಕದ ಮನೆಯವರ ಮೈಯಳತೆ ತೆಗೆದು ತನಗೆ ಅಂಗಿ ಹೊಲಿಸಿಕೊಂಡ ಹಾಗಾಗಿತ್ತು. ಪುಸ್ತಕವನ್ನು ಹರಿಯಲು ಹೋದಳು. ಗಟ್ಟಿ ರಟ್ಟು, ಹರಿಯಲಿಲ್ಲ. ಅದಕ್ಕೂ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಅವಳು ಮೀಸೆಯವರನ್ನು ಹುಡುಕಿಕೊಂಡು ಹೋದಳು. ಉತ್ಸವದವರು ಅವರನ್ನು ಗಡಿಯಾರ ಮಾಮ ಎನ್ನುತ್ತಿದ್ದರು. ಅವರು ಮೂವತ್ತು ವರ್ಷ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ತಡವಾದ ರೈಲುಗಳಿಗಾಗಿ ಕ್ಷಮೆ ಕೇಳಿದವರು. ನಿವೃತ್ತರಾದ ಮೇಲೆ ಒಬ್ಬ ಮುದುಕ ಮತ್ತು ಅವನ ಗಿಳಿಯ ಕಥೆ ಕಟ್ಟಿ, ಹತ್ತೊಂಬತ್ತು ವರ್ಷದಿಂದ ಅದೊಂದನ್ನೇ ಆಡಿಕೊಂಡು ಬಂದಿದ್ದರು. ಈ ಹತ್ತೊಂಬತ್ತು ವರ್ಷದಲ್ಲಿ ಆಟ ಒಂದು ಸೆಕೆಂಡು ಹೆಚ್ಚಿಲ್ಲ, ಒಂದು ಸೆಕೆಂಡು ಕಡಿಮೆಯಿಲ್ಲ. ಜನ್ಮದಲ್ಲಿ ತಾನೊಬ್ಬನಾದರೂ ವೇಳೆಗೆ ಸರಿಯಾಗಿರಬೇಕೆಂಬುದು ಅವರ ಹಟ. ಊತ ಇಳಿಯಲೆಂದು ಇನ್ನೆರಡು ದಿನ ಆಟಕ್ಕೆ ರಜೆ ಹಾಕಿ, ಬಿಡಾರದ ಕೋಣೆಯಲ್ಲಿ ಊದಿದ ಕೆನ್ನೆಗೆ ಒದ್ದೆ ಬಟ್ಟೆ ಒತ್ತಿಕೊಂಡು ಕೂತಿದ್ದರು.

ಲಿಫ್ಟಕ್ಕ ಎಲ್ಲ ಹೇಳಿಕೊಂಡಳು. ಅವರು ಕೇಳಿ ಮುಗಿಸಿ, “ನನಗೂ ಒಂದು ದೂರಿದೆಯಮ್ಮ,” ಎಂದರು. ಹಲ್ಲು ಹೋದ ಸಂದಿನಿಂದ ಗಾಳಿ ಸುಯ್ ಎನ್ನುತ್ತಿತ್ತು. “ಶುರೂನಲ್ಲಿ ನೀವು ಯಾವುದೋ ಏಣಿ ಕಥೆ ಹೇಳ್ತಿದ್ರಿ. ಅದು ಬರೋ ಹೊತ್ತಿಗೆ ಸರಿಯಾಗಿ ನನ್ನ ಕಡೆ ಗಿಳಿ ಸಾಯುತ್ತೆ. ನಾನಿಲ್ಲಿ ಗಿಳೀನ ಅಂಗೈ ಮೇಲೆ ಮಲಗಿಸ್ಕೊಂಡು ನಿಂತಿದ್ರೆ ನಮ್ಮ ಹಿಂದಿನ ಸಾಲಿನೋರು ಕಿಸಕ್ ಅಂತ ನಗೋರು. ನಾಲ್ಕು ದಿನ ಹಾಗೇ ಆಯ್ತು. ಆಮೇಲೆ ನೀವು ಆ ಕಥೆ ನಿಲ್ಲಿಸಿಬಿಟ್ರಿ. ನಾನು ಮನಸ್ಸಲ್ಲೇ ನಿಮಗೆ ಥ್ಯಾಂಕ್ಸ್ ಹೇಳ್ದೆ.”

ಲಿಫ್ಟಕ್ಕ ಪುಸ್ತಕ ತೆಗೆದು ನೋಡಿದಳು. ಏಣಿ ಕಥೆ: ಒಂದು ಗೀಟು, ಒಂದು ಗೀಟು, ಒಂದು ಗೀಟು, ಒಂದು ಗೀಟು. ಮೂರು ದಿನದ ನಿಯಮಕ್ಕೆ ಒಂದು ದಿನ ಸಾಲವಾಗಿ ಕೊಟ್ಟು, ಐದನೇ ದಿನ ತೆಗೆದುಹಾಕಿದ್ದಳು. ಗೋಡೆಯಾಚೆಯ ಹಿಂದಿನ ಸಾಲಿನವರು ತಮ್ಮ ಆಟ ಬಿಟ್ಟು ಇವಳ ಆಟಕ್ಕೆ ನಕ್ಕಿದ್ದರು. ಇಡೀ ಪುಸ್ತಕದಲ್ಲಿ ನಿಜವಾಗಿ ಅವಳದಾಗಿದ್ದ ನಗು ಬಹುಶಃ ಅದೊಂದೇ. ಅದಕ್ಕೇ ಕತ್ತರಿ ಬಿದ್ದಿತ್ತು.

“ನಾಡಿದ್ದು ಆಯ್ಕೆಯೋರು ಬರ್ತಾರೆ ಮಾಮ. ಅವತ್ತೊಂದು ದಿನ ನೀವು ಸ್ವಲ್ಪ ತಡವಾಗಿ ಶುರು ಮಾಡೋಕಾಗುತ್ತಾ?”

ಒದ್ದೆ ಬಟ್ಟೆ ಕೆನ್ನೆಯಿಂದ ಕೆಳಗಿಳಿಯಿತು. “ತಡವಾಗಿ?” ಆ ಮಾತನ್ನು ಅವರು ಯಾರೋ ಬೈದ ಹಾಗೆ ಉಚ್ಚರಿಸಿದರು. “ಇನ್ನೇನು ಬೇಕಾದ್ರೂ ಕೇಳಿ. ಒಂದು ಕೆಲಸ ಮಾಡ್ತೀನಿ. ನನ್ನ ನಗು ಯಾವ್ಯಾವಾಗ ಬರುತ್ತೆ ಅಂತ ಬರ್‍ಕೊಡ್ತೀನಿ. ನೀವು ಅದರ ಸಂದೀಲಿ ಮಾತಾಡ್ಕೊಳ್ಳಿ.” ಹಾಗೆ ಹೇಳಿ ರೈಲಿನ ವೇಳಾಪಟ್ಟಿಯಂತೆ ನೆಟ್ಟಗೆ ಗೆರೆ ಎಳೆದು, ಇಪ್ಪತ್ತೆರಡು ನಗುಗಳನ್ನು ನಿಮಿಷ ಸೆಕೆಂಡು ಸಮೇತ ಬರೆದುಕೊಟ್ಟರು.

ಅಲ್ಲಿಂದ ಉತ್ಸವದ ಕಚೇರಿಗೆ ಹೋದರೆ ಅಲ್ಲಿದ್ದವಳು ತಲೆಯೆತ್ತದೆ, “ಕೋಣೆ ಬದಲಾವಣೆಗೆ ಉತ್ಸವಕ್ಕೆ ಹದಿನೈದು ದಿನ ಮುಂಚೆ ಅರ್ಜಿ ಕೊಡ್ಬೇಕಿತ್ತು” ಎಂದಳು. “ಹದಿನೈದು ದಿನ ಮುಂಚೆ ನಾನು ಕೋಣೇನೇ ನೋಡಿರ್ಲಿಲ್ವಲ್ಲಮ್ಮ,” ಎಂದಳು ಲಿಫ್ಟಕ್ಕ. “ಅದಕ್ಕೆ ಯಾರೂ ಅರ್ಜಿ ಕೊಡಲ್ಲ,” ಎಂದಳು ಅವಳು. ಗೋಡೆಗೆ ಹೊದಿಸಲು ಹಳೇ ಹಾಸಿಗೆಯಾದರೂ ಸಿಕ್ಕೀತೇ ಎಂದು ಕೆಳಗಿನ ಪೀಠೋಪಕರಣದ ಅಂಗಡಿಯವನನ್ನು ಕೇಳಿದರೆ, ಅವನು ಅಂಗಡಿಯಲ್ಲಿರುವುದೆಲ್ಲ ಹೊಸದು ಎಂದು ಹೆಮ್ಮೆಯಿಂದ ಹೇಳಿದ.

ಆಮೇಲೆ ಉಳಿದದ್ದು ಅಸಲು ಪ್ರಶ್ನೆ: ಆಯ್ಕೆಗಾರ್ತಿಯ ಮುಂದೆ ಯಾವುದನ್ನು ಆಡುವುದು?

“ಅರ್ಧ ಮಾಡಿದ್ದನ್ನೇ ಆಡು,” ಎಂದಳು ದೊಡ್ಡಕ್ಕ. ಅವಳ ತರ್ಕ ಸರಳವಾಗಿತ್ತು. “ಆಯಮ್ಮ ಬರ್ತಿರೋದೇ ಅರ್ಧ ವಾಕ್ಯ ನೋಡೋಕೆ. ಪೂರ್ತಿ ವಾಕ್ಯ ಕೊಟ್ರೆ ಮೋಸ ಅಂತಾಳೆ.”

“ಕೊನೇ ಸಾಲಲ್ಲಿ ಕೂತ್ರೆ ನಗು ಎಲ್ಲಿಂದ ಬರುತ್ತೆ ಅಂತ ಕೇಳ್ಸಲ್ವಾ? ಮುಂದಿನ ಸಾಲಲ್ಲಿ ಕೂರ್‍ಸಿದ್ರೆ ಪಕ್ಕದಲ್ಲಿರೋರು ಯಾರೂ ನಗ್ತಿಲ್ಲ ಅಂತ ಕಾಣ್ಸಲ್ವಾ?”

“ಹಾಗಾದ್ರೆ ಪೂರ್ತಿ ಆಡು.”

“ಪೂರ್ತಿದಕ್ಕೆ ಜನ ನಗ್ತಾರೋ ಇಲ್ವೋ ನನಗೇನು ಗೊತ್ತು? ಹದಿಮೂರು ದಿನ ನಾನು ಕೇಳಿದ್ದೇ ಅವರದ್ದು!”

“ಹಾಗಾದ್ರೆ ಕುರ್ಚಿಗೆ ಸಹಿ ಹಾಕು.”

ಅತ್ತ ದರಿ, ಇತ್ತ ಪುಲಿ. ನಡುವೆ ಗುಂಡಿ ಹೊಲಿಯುವ ಅಕ್ಕ. ಎರಡು ದಿನ ಲಿಫ್ಟಕ್ಕನೂ ಆಟಕ್ಕೆ ರಜೆ ಹಾಕಿ, ಕತ್ತರಿಸಿದ ಬಾಲಗಳನ್ನೆಲ್ಲ ಹುಡುಕಿ ಮತ್ತೆ ಜೋಡಿಸಿದಳು. ಹೆಂಡತಿಗೆ ಅವಳ ಮಾತು ವಾಪಸ್ ಸಿಕ್ಕಿತು. ಏಣಿಯ ಕಥೆ ಗಿಳಿ ಸಾಯುವ ಹೊತ್ತಿನಿಂದ ನಾಲ್ಕು ನಿಮಿಷ ಮುಂದಕ್ಕೆ ಹೋಯಿತು. ಮಾಮನ ಇಪ್ಪತ್ತೆರಡು ನಗುಗಳನ್ನು ಎಡಗೈಯ ಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೆ ಪೆನ್ನಿನಲ್ಲಿ ಬರೆದುಕೊಂಡಳು. ಅವುಗಳ ಸಂದಿನಲ್ಲಿ ನುಸುಳುವಂತೆ ಒಂದೊಂದು ಮಾತನ್ನೂ ಗಡಿಯಾರ ಇಟ್ಟು ಉರು ಹೊಡೆದಳು.

ಹದಿನೇಳನೇ ದಿನ ನಾಲ್ಕು ಗಂಟೆಗೆ ಆಯ್ಕೆಗಾರ್ತಿ ಬಂದಳು. ಬೂದು ಬಣ್ಣದ ಕೋಟು, ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ. ಬಂದವಳೇ ನೇರ ಕೊನೆಯ ಸಾಲಿಗೆ ಹೋಗಿ ಗೋಡೆಗೆ ಒರಗಿ ಕೂತಳು. ಅವಳನ್ನೂ ಸೇರಿಸಿ ಒಂಬತ್ತು ಜನ. ದೊಡ್ಡಕ್ಕ ದೀಪ ಹಾಕಿದಳು.

ಏಳು ನಿಮಿಷ ಇಪ್ಪತ್ತು ಸೆಕೆಂಡಿಗೆ ಮಾಮನ ಮೊದಲ ದೊಡ್ಡ ನಗು. ಲಿಫ್ಟಕ್ಕ ಗಂಡನ ಬಾಯಲ್ಲಿ “ಬೇಗ ಬನ್ನಿ” ಅನ್ನಿಸಿ, ಆಚೆಯ ನಗು ಹಾದುಹೋಗಲೆಂದು ನಿಂತಳು. ಅದು ಬರಲಿಲ್ಲ. ಇನ್ನೂ ಮೂರು ಸೆಕೆಂಡು ಕಾದಳು. ಬರಲಿಲ್ಲ. ಸರಿ ಎಂದು ಹೆಂಡತಿಯ ಕೈಗೆ ಫೋನು ಕೊಟ್ಟು, “ನಿಧಾನಕ್ಕೆ ಬನ್ನಿ, ಹದಿನೈದು ವರ್ಷದಲ್ಲಿ” ಅನ್ನುವಷ್ಟರಲ್ಲಿ ಗೋಡೆಯಾಚೆ ಹೋ ಎಂದು ಮೂವತ್ತು ಜನ ನಕ್ಕರು. ಹೆಂಡತಿಯ ಉಳಿದ ಮಾತು ಆ ಹೊಳೆಯಲ್ಲಿ ಕೊಚ್ಚಿಹೋಯಿತು.

ಲಿಫ್ಟಕ್ಕ ಕೈ ನೋಡಿಕೊಂಡಳು. ಆಮೇಲೆ ಹೊಳೆಯಿತು: ಹಲ್ಲು! ಹಲ್ಲಿಲ್ಲದ ಬಾಯಲ್ಲಿ ಮಾಮ ಒಂದೊಂದೇ ಮಾತನ್ನು ತಡವರಿಸಿ ಆಡುತ್ತಿದ್ದರು. ಹತ್ತೊಂಬತ್ತು ವರ್ಷ ತಪ್ಪದ ಗಡಿಯಾರ ಇವತ್ತೇ ಹಿಂದೆ ಬಿದ್ದಿತ್ತು.

ಅಲ್ಲಿಂದ ಮುಂದಿನದು ಬರೀ ರಂಪ. ಅವಳು ಕಾದಾಗ ಗೋಡೆ ಸುಮ್ಮನಿರುವುದು, ಬಾಯಿ ತೆಗೆದರೆ ಗೋಡೆ ನಗುವುದು. ಬೆವರಿಗೆ ಕೈಮೇಲಿನ ಶಾಯಿ ಕರಗಿ ಇಪ್ಪತ್ತೆರಡು ನಗುಗಳೂ ಒಂದು ನೀಲಿ ಮಚ್ಚೆಯಾದವು. ಹದಿನೆಂಟನೇ ನಿಮಿಷಕ್ಕೆ, ಐದನೇ ಸಲ ವಾಕ್ಯದ ನಡುವೆ ಆಚೆಯವರು ನಕ್ಕಾಗ, ಅವಳೊಳಗೆ ಏನೋ ಪಟ್ಟೆಂದಿತು. ಆಯ್ಕೆಗಾರ್ತಿ ಇದ್ದಾಳೆ ಎಂಬುದೂ ಮರೆತುಹೋಯಿತು.

“ಆ ನಗು ನಂದಲ್ಲ,” ಎಂದಳು ಮುಂದಿನ ಸಾಲಿನವರಿಗೆ. “ನಿಮ್ಮದೂ ಅಲ್ಲ. ನೀವು ಬಂದಾಗಿಂದ ನಕ್ಕೇ ಇಲ್ಲ, ಅದು ನಿಮಗೂ ಗೊತ್ತು ನನಗೂ ಗೊತ್ತು. ಅದು ಪಕ್ಕದ ಮನೆಯೋರದ್ದು. ಹದಿಮೂರು ದಿನ ನಾನು ಅದನ್ನ ನಂದು ಅಂತ ಪುಸ್ತಕದಲ್ಲಿ ಬರ್‍ಕೊಂಡು, ಅದಕ್ಕೋಸ್ಕರ ನನ್ನ ಜೋಕಿಗೆಲ್ಲ ಕತ್ತರಿ ಹಾಕ್ದೆ. ಒಬ್ಬ ವಿಮರ್ಶಕ ಅದನ್ನ ಧೈರ್ಯ ಅಂದ. ಅವನೂ ಇದೇ ಗೋಡೆ ಪಕ್ಕ ಕೂತಿದ್ದ, ಅವನ ಹೊಟ್ಟೆ ತಣ್ಣಗಿರ್‍ಲಿ. ನಮ್ಮಕ್ಕಂಗೆ ಮೊದಲನೇ ದಿನದಿಂದ ಗೊತ್ತಿತ್ತು. ಅಗೋ, ಬಾಗಿಲ ಹತ್ರ ಕೂತಿದ್ದಾಳೆ, ಕೇಳಿ ಬೇಕಾದ್ರೆ.”

ಎಲ್ಲರೂ ಬಾಗಿಲ ಕಡೆ ತಿರುಗಿದರು. ದೊಡ್ಡಕ್ಕ ಸೂಜಿ ಹಿಡಿದ ಕೈ ಎತ್ತಿ, “ನನಗೆ ಒಪ್ಸಿದ್ದು ಸ್ವಿಚ್ಚು,” ಎಂದಳು.

ಯಾರೋ ಒಬ್ಬರು ಫಕ್ಕನೆ ನಕ್ಕರು. ಅದು ಈ ಕೋಣೆಯ ನಗು. ಲಿಫ್ಟಕ್ಕನಿಗೆ ಗುರುತು ಸಿಗಲಿಲ್ಲ, ಕೇಳಿ ಅಭ್ಯಾಸವಿರಲಿಲ್ಲ. ಅಷ್ಟರಲ್ಲಿ ಆಚೆ ಮತ್ತೆ ಹೋ ಎಂದಿತು. ಅವಳು ಮೈಕು ಹಲಗೆಯ ಮೇಲಿಟ್ಟು, ಕುರ್ಚಿಗಳ ನಡುವೆ ದಡದಡ ನಡೆದು ಹೋಗಿ, ಆಯ್ಕೆಗಾರ್ತಿಯ ತಲೆಯ ಪಕ್ಕದಲ್ಲೇ ಗೋಡೆಗೆ ಮುಷ್ಟಿಯಿಂದ ಗುದ್ದಿದಳು.

“ಮಾಮಾ! ಎಲ್ಲಿದ್ದೀರಿ ಈಗ?”

ಆಚೆ ಸದ್ದಡಗಿತು. ಆಮೇಲೆ ರೈಲು ನಿಲ್ದಾಣದ ಆ ಗಂಭೀರ ಧ್ವನಿ, ಹಲ್ಲಿನ ಸಂದಿನ ಸೀಟಿಯೊಂದಿಗೆ: “ಗಿಳಿ ಹುಷಾರು ತಪ್ಪಿದೆ! ಎಂಟು ನಿಮಿಷ ತಡವಾಗಿ ಸಾಯುತ್ತೆ! ಅನಾನುಕೂಲಕ್ಕೆ ಕ್ಷಮೆ ಇರಲಿ!”

ಗೋಡೆಯ ಎರಡೂ ಕಡೆ ಒಟ್ಟಿಗೆ ನಕ್ಕರು. ಪ್ಲೈವುಡ್ಡು ಅದುರಿತು.

“ಎಂಟು ನಿಮಿಷದಲ್ಲಿ ನನ್ನ ಏಣಿ ಮುಗಿಯುತ್ತೆ! ನಿಮ್ಮೋರನ್ನ ಅಲ್ಲೀವರೆಗೆ ಸುಮ್ನಿರಿಸ್ತೀರಾ?”

“ಏಣಿ ವಾಪಸ್ ಬಂತಾ?” ಎಂದಿತು ಧ್ವನಿ, ಕಂಗಾಲಾಗಿ.

ಲಿಫ್ಟಕ್ಕ ಅಲ್ಲೇ ಗೋಡೆಗೆ ಬೆನ್ನು ಕೊಟ್ಟು, ದೀಪವಿಲ್ಲದ ಕಡೆ ನಿಂತು ಏಣಿಯ ಕಥೆ ಹೇಳಿದಳು. ಅವಳ ಕಡೆ ತಿರುಗಿದ ಒಂಬತ್ತು ಮುಖಗಳೂ ಅವಳಿಗೆ ಮೊದಲ ಸಲ ಕಂಡವು. ಒಬ್ಬರು ಮುದುಕರು ಏಣಿ ಕೊಂಡು ಲಿಫ್ಟಿನಲ್ಲಿ ಮನೆಗೆ ಒಯ್ಯುತ್ತಿದ್ದರು. ಲಿಫ್ಟು ನಿಂತಿತು. “ಅಮ್ಮಾ, ನನ್ನ ಹತ್ರ ಏಣಿ ಇದೆ, ಏನಾದ್ರೂ ಉಪಯೋಗಕ್ಕೆ ಬರುತ್ತಾ?” ಎಂದು ಐದು ನಿಮಿಷಕ್ಕೊಮ್ಮೆ ಕೇಳಿದರು. ಬೇಡ ಎಂದು ಇವಳು ಹೇಳುತ್ತಲೇ ಇದ್ದಳು. ಐವತ್ತು ನಿಮಿಷ ಕಳೆದು ಮೆಕ್ಯಾನಿಕ್ ಬಂದ. ಲಿಫ್ಟಿನ ಯಂತ್ರ ಮೇಲಿತ್ತು. ಅವನು ಏಣಿ ಮರೆತು ಬಂದಿದ್ದ. ಬಾಗಿಲಿಗೆ ಬಾಯಿ ಹಚ್ಚಿ, “ಒಳಗಿರೋರೇ, ನಿಮ್ಮನೇಲಿ ಏಣಿ ಇದೆಯಾ?” ಎಂದು ಕೂಗಿದ. ಮುದುಕರು ಸಮಾಧಾನವಾಗಿ ಹೇಳಿದರು: “ಇದೆಯಪ್ಪ. ಬಾಗಿಲು ತೆಗಿ, ಕೊಡ್ತೀನಿ.”

ಈಚೆ ಒಂಬತ್ತು ಜನವೂ ನಕ್ಕರು. ಆಚೆಯವರು ಎಷ್ಟು ಜನ ನಕ್ಕರೆಂದು ಅವಳು ಎಣಿಸಲಿಲ್ಲ.

ಐದು ಗಂಟೆಗೆ ಎಲ್ಲರೂ ಮೆಟ್ಟಿಲಿಳಿದ ಮೇಲೆ ಆಯ್ಕೆಗಾರ್ತಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

“ಪತ್ರಿಕೇಲಿ ಓದಿದ್ದು ಬೇರೇನೇ ಇತ್ತು.”

“ಅದು ತಪ್ಪಿ ಆಗಿದ್ದು ಮೇಡಂ.”

“ಇದು?”

“ಇದೂ ತಪ್ಪಿ ಆಗಿದ್ದೇ.”

“ಸರಿ. ಎಂಬತ್ತು ದಿನ, ನಲವತ್ತು ಊರು. ನೀವು, ಪಕ್ಕದೋರು, ಗೋಡೆ. ಮೂರೂ ಬೇಕು.”

ಲಿಫ್ಟಕ್ಕ ತನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ದೊಡ್ಡಕ್ಕನ ಮುಖ ನೋಡಿದಳು. “ಮೇಡಂ, ನಂದೊಂದೇ ಪೂರ್ತಿ ಐವತ್ತು ನಿಮಿಷ ಇದೆ. ಗೋಡೆ ಇಲ್ಲದಿರೋ ಕಡೆ ಒಂದು ಸಲ ನೋಡಿ.”

“ನೋಡೋ ಅಗತ್ಯ ಇಲ್ಲ. ಗೋಡೆ ಇಲ್ಲದೆ ನೀವು ಚೆನ್ನಾಗಿರ್ತೀರಿ. ಚೆನ್ನಾಗಿರೋರು ಈ ಊರಲ್ಲಿ ಮುನ್ನೂರು ಜನ ಇದ್ದಾರೆ. ಗೋಡೆಗೆ ಗುದ್ದೋಷ್ಟು ರೇಗಿರೋರು ಸಿಕ್ಕಿದ್ದು ನೀವೊಬ್ರೇ. ನಾಳೆ ಬೆಳಿಗ್ಗೆ ಹೇಳಿ.” ಮೆಟ್ಟಿಲ ಬಳಿ ತಿರುಗಿ, “ಆ ಹಲ್ಲು ಕಟ್ಟಿಸ್ಕೊಳ್ಳೋದು ಬೇಡ ಅಂತ ಹೇಳಿ ಅವರಿಗೆ,” ಎಂದಳು.

ಆರು ವರ್ಷ ಅವಳು ಬಯಸಿದ್ದು ತನ್ನದೇ ಆದ ಒಂದು ಆಟ. ಸಿಕ್ಕಿದ್ದು ಅರ್ಧ ಆಟ, ಅರ್ಧ ಗಿಳಿ, ನಡುವೆ ಮರದ ಹಲಗೆ. ಇವತ್ತು ತಾನಾಗಿ ಬಂದ ಸಿಟ್ಟನ್ನು ಇನ್ನು ನಲವತ್ತು ಊರುಗಳಲ್ಲಿ ಹೇಳಿ ತರಿಸಿಕೊಳ್ಳಬೇಕು. ಆಚೆಯ ಕೋಣೆಗೆ ಹೋಗಿ ಹೇಳಿದರೆ ಮಾಮ ಹಲ್ಲಿನ ಮಾತಿಗೆ ಕೆಂಡವಾದರು. “ಹಲ್ಲಿಲ್ದೆ ನಾನು ತಡ ಆಗ್ತೀನಲ್ರೀ! ನಲವತ್ತು ಊರಲ್ಲಿ ತಡ ಆಗ್ಬೇಕಾ ನಾನು?” “ನಲವತ್ತು ಊರಲ್ಲಿ ರೇಗ್ಬೇಕು ನಾನು. ಅದಕ್ಕಿಂತ ದೊಡ್ಡದಾ ನಿಮ್ಮ ಹಲ್ಲು?” ಎಂದಳು ಲಿಫ್ಟಕ್ಕ. ಇಬ್ಬರೂ ಆರೂವರೆವರೆಗೆ ಜಗಳವಾಡಿದರು. ಬೇಡ ಅನ್ನುವ ಮಾತನ್ನು ಮಾತ್ರ ಇಬ್ಬರೂ ಆಡಲಿಲ್ಲ.

ಬೆಳಿಗ್ಗೆ ಒಂಬತ್ತೂವರೆಗೆ ಅವಳು ವಿಭಾಗಾಧಿಕಾರಿಗೆ ಫೋನು ಮಾಡಿ, ಕುರ್ಚಿಯನ್ನು ಬೇರೆಯವರಿಗೆ ಕೊಡಿ ಎಂದಳು.

“ಹದಿನೇಳು ವರ್ಷದ ಕ್ಷೇಮದ ಕೆಲಸ ಬಿಟ್ಟು, ಅಲ್ಲಿ ಮಾಡೋದೇನಮ್ಮ?”

“ನಾನು ಮಾತಾಡ್ತಿರ್ತೀನಿ ಸರ್. ಪಕ್ಕದೋರು ಅಡ್ಡ ಬರ್ತಾರೆ. ರೇಗಿ ಗೋಡೆಗೆ ಗುದ್ತೀನಿ.”

“ಅದನ್ನ ಇಲ್ಲೇ ಮಾಡ್ತಿದ್ರಲ್ಲಮ್ಮ ದಿನಾ.”

“ಅಲ್ಲಿ ಯಾರೂ ನಗ್ತಿರ್ಲಿಲ್ಲ ಸರ್,” ಎಂದು ಲಿಫ್ಟಕ್ಕ ಫೋನು ಇಟ್ಟಳು.